ಕಾಲು ತೊಳೆದ ನೀರು

ನಮ್ಮ ಕಡೆಯ ಕೃಷಿಕರಿಗೆ ವಿಯೆಟ್ನಾಮ್ ಎಂದರೆ ಈಗ ಸುಬ್ರಹ್ಮಣ್ಯಕ್ಕೆ ಹೋಗಿ ಬಂದಷ್ಟೇ ಸಲೀಸು. ಹೋಗಿ ಬಂದವರು ಮೊಬೈಲಿನಲ್ಲಿ ಪಟ ತೋರಿಸುತ್ತಾರೆ. ಇಟ್ಟಿಗೆಯ ಕಂಬ, ಬುಡದಿಂದ ತುದಿಯ ತನಕ ಕಂಬವೇ ಕಾಣದಂತೆ ಸುತ್ತಿಕೊಂಡ ಕಾಳುಮೆಣಸಿನ ಬಳ್ಳಿ, ಪಕ್ಕದಲ್ಲಿ ನಗುವ ಕೃಷಿಕ. ನೋಡಿದವರಿಗೆ ಹೊಟ್ಟೆ ಉರಿಯದಿದ್ದರೆ ಅವರು ಕೃಷಿಕರೇ ಅಲ್ಲ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರಿಗೆ ವಾಟ್ಸಾಪ್ ಗೊತ್ತಿರಲಿಲ್ಲ. ಆದರೂ ಸರಿಯಾಗಿಯೇ ಹೇಳಿದ್ದಾರೆ.

ನಾನು ಹೋದದ್ದು ಆ ನಗುವ ಕೃಷಿಕನನ್ನು ನೋಡಲಿಕ್ಕಲ್ಲ. ಪುತ್ತೂರಿನ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿ ರಾಮಕುಂಜದ ಮನೆಯಲ್ಲಿ ಕೂತವಳು ನಾನು. ಪುತ್ತೂರು, ಸುಳ್ಯ, ಕಡಬದ ಮೆಣಸು ಬೆಳೆಗಾರರ ತಂಡವೊಂದು ಹೊರಟಾಗ, ಇಂಗ್ಲಿಷ್ ಮಾತಾಡಲಿಕ್ಕೂ ರೋಗದ ವಿಷಯ ಕೇಳಲಿಕ್ಕೂ ಒಬ್ಬರು ಬೇಕೆಂದು ತಂಡದ ಮುಂದಾಳು ಕಡಬದ ಕೇಶವಣ್ಣ ನನ್ನನ್ನು ಸೇರಿಸಿಕೊಂಡರು. ಮನೆಯವರಿಗೆ ವಿಮಾನವೆಂದರೆ ಆಗದು. ‘ನೀನು ಹೋಗಿ ಬಾ, ನಾನು ನಾಯಿಯನ್ನು ನೋಡಿಕೊಳ್ತೇನೆ’ ಎಂದರು. ಹಾಗೆ ನಾಯಿಗೂ ನನಗೂ ಒಟ್ಟಿಗೆ ವ್ಯವಸ್ಥೆಯಾಯಿತು.

ತಂಡದಲ್ಲಿ ನನ್ನ ಜೊತೆಗಾರರಾದವರು ಮಂಡೆಕೋಲಿನ ಕುಶಾಲಪ್ಪಣ್ಣ. ಕೇರಳದ ಗಡಿಗೆ ತಾಗಿದ ಗುಡ್ಡೆಯಲ್ಲಿ ಅವರ ಮೆಣಸು. ‘ಇತ್ತು’ ಎನ್ನಬೇಕು. ಕಳೆದ ಆಟಿ ತಿಂಗಳ ಮಳೆಗೆ ಸೊರಗು ರೋಗ ಬಂದು, ಗುಡ್ಡೆಯ ಮೇಲಿನಿಂದ ಕೆಳಗಿನ ತನಕ ನೀರು ಹರಿದ ದಾರಿಯಲ್ಲೇ ಬಳ್ಳಿಗಳು ಸತ್ತವು. ಮೊದಲು ಎಲೆ ಜೋತಿತು, ಆಮೇಲೆ ಗಂಟು ಗಂಟೇ ಕಳಚಿ ಬಿತ್ತು. ಅವರೇ ಹೇಳಿದ್ದು, ‘ಟೀಚರೆ, ಇವತ್ತು ಹಸಿರು ಉಂಟು, ಮುಂದಿನ ಸಂತೆಗೆ ಹೋಗಿ ಬರುವಾಗ ಬಳ್ಳಿ ನೆಲದಲ್ಲಿ ಉಂಟು. ನೋಡುದು ಹೇಗೆ?’ ಊರಿನಲ್ಲಿ ತೋಟಕ್ಕೆ ಹೋಗಲು ಮನಸ್ಸಾಗುವುದಿಲ್ಲವೆಂದೇ ಅವರು ಪರದೇಶದ ತೋಟ ನೋಡಲು ಹೊರಟಿದ್ದರು. ಆ ಲೆಕ್ಕಾಚಾರ ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಕೇಳಿ ಬೇಜಾರಾಯಿತು.

ಮಲಗುವ ಬಸ್ಸು

ಹೋ ಚಿ ಮಿನ್ ನಗರದಿಂದ ಪ್ಲೇಕು ಎಂಬ ಮಲೆನಾಡಿನ ಪಟ್ಟಣಕ್ಕೆ ಮಲಗಿಕೊಂಡು ಹೋಗುವ ಬಸ್ಸು. ಬಾಗಿಲಲ್ಲೇ ಚಪ್ಪಲಿ ಕಳಚಬೇಕು. ನಿರ್ವಾಹಕ ಒಂದು ಪ್ಲಾಸ್ಟಿಕ್ ತೊಟ್ಟೆ ಕೊಡುತ್ತಾನೆ, ಚಪ್ಪಲಿಯನ್ನು ಅದರಲ್ಲಿ ಕಟ್ಟಿ ತಲೆಯ ಹತ್ತಿರ ಇಟ್ಟುಕೊಳ್ಳಬೇಕು. ದೇವಸ್ಥಾನದ ಅಂಗಳದಲ್ಲಿ ಚಪ್ಪಲಿ ಕಳೆದುಕೊಂಡು ಅಭ್ಯಾಸವಿರುವ ನಮ್ಮವರಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಕೆಳಗೆ ಒಂದು ಬುಟ್ಟಿ ಚಪ್ಪಲಿ ಸುರಿದಿಡುತ್ತಾರೆ. ಎಲ್ಲರಿಗೂ ಒಂದೇ ಬಣ್ಣ, ಒಂದೇ ಅಳತೆ, ಯಾರು ಯಾವುದನ್ನು ಬೇಕಾದರೂ ಹಾಕಬಹುದು. ಕುಶಾಲಪ್ಪಣ್ಣನ ಪಾದ ಅರ್ಧ ಹೊರಗೆ. ಹಿಮ್ಮಡಿ ಡಾಂಬರಿಗೆ ತಾಗಿಸಿಕೊಂಡು ನಡೆಯುವುದನ್ನು ನೋಡಿ ಅಲ್ಲಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕುಶಾಲಪ್ಪಣ್ಣನೂ ನಕ್ಕರು. ಊಟಕ್ಕೆ ಕೂತ ಮೇಲೆ ನನ್ನನ್ನು ನೋಡಿ ನಗುವ ಸರದಿ ಅವರದ್ದು. ಎಲ್ಲದಕ್ಕೂ ಮೀನಿನ ರಸ ಹಾಕುವ ನಾಡಿನಲ್ಲಿ ನಾನು ಬಿಳಿ ಅನ್ನಕ್ಕೆ ಬಾಳೆಹಣ್ಣು ಕಲಸಿ ಉಣ್ಣುತ್ತಿದ್ದರೆ, ಅವರು ನನ್ನ ಪಾಲಿನದ್ದನ್ನೂ ಖಾಲಿ ಮಾಡುತ್ತಿದ್ದರು.

ನಮ್ಮ ದುಭಾಷಿ ಲಿನ್ ಎಂಬ ಹುಡುಗಿ. ಪ್ಲೇಕುವಿನ ಹತ್ತಿರದ ಹಳ್ಳಿಯವಳು, ಇಂಗ್ಲಿಷ್ ಚೆನ್ನಾಗಿ ಬಲ್ಲವಳು. ಸಿಕ್ಕಿದ ಕೂಡಲೇ ಅವಳು ಕೇಳಿದ ಮೊದಲ ಪ್ರಶ್ನೆ, ನಿಮಗೆ ವಯಸ್ಸೆಷ್ಟು. ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ವಯಸ್ಸು ಗೊತ್ತಾಗದೆ ಆ ಭಾಷೆಯಲ್ಲಿ ‘ನೀವು’ ಎನ್ನಲಿಕ್ಕೇ ಆಗುವುದಿಲ್ಲ. ಅಕ್ಕ, ತಂಗಿ, ಚಿಕ್ಕಪ್ಪ, ದೊಡ್ಡಪ್ಪ, ಹೀಗೆ ಏನಾದರೊಂದು ಆಗಲೇಬೇಕು. ಕುಶಾಲಪ್ಪಣ್ಣ ‘ಬಾಕ್’ ಆದರು, ಎಂದರೆ ದೊಡ್ಡಪ್ಪ. ‘ನಮ್ಮ ಹಾಗೆಯೇ ಉಂಟಲ್ಲ ಟೀಚರೆ, ಹೆಸರು ಹಿಡಿದು ಕರೆಯುದಿಲ್ಲ’ ಎಂದು ಅವರಿಗೆ ಸಂತೋಷ. ದೊಡ್ಡಪ್ಪನಾದ ಮೇಲೆ ಸುಮ್ಮನಿರಲಾಗದೆ, ಊರಿನಿಂದ ಕಟ್ಟಿಕೊಂಡು ಬಂದ ಹಲಸಿನ ಹಪ್ಪಳ ಬಿಚ್ಚಿ, ಹೋಟೆಲಿನ ಒಲೆಯಲ್ಲಿ ಸುಡಿಸಿ ಲಿನ್‌ಗೆ ಕೊಟ್ಟರು.

ಪ್ಲೇಕು: ನೀರಿನ ಹನಿಯೊಳಗೆ

ಮರುದಿನ ಸಣ್ಣ ಮಳೆ. ಮೆಣಸಿನ ರೋಗಗಳ ಕೆಲಸ ಮಾಡುವ ಒಂದು ಪ್ರಯೋಗಾಲಯಕ್ಕೆ ನಮ್ಮನ್ನು ಕರೆದುಕೊಂಡು ಹೋದರು. ನಾನು ಮಕ್ಕಳಿಗೆ ಇದೇ ರೋಗಾಣುವಿನ ಚಿತ್ರ ಬರೆದು ಬರೆದು ಸೀಮೆಸುಣ್ಣ ಸವೆಸಿದವಳು. ಅಡಿಕೆಯ ಕೊಳೆರೋಗ, ಮೆಣಸಿನ ಸೊರಗು ರೋಗ, ಆಲೂಗಡ್ಡೆಯ ಅಂಗಮಾರಿ, ಎಲ್ಲ ಒಂದೇ ಕುಲದ ದಾಯಾದಿಗಳು. ಕುಲದ ಹೆಸರು ಫೈಟೊಫ್ತೊರಾ. ಹಲಗೆಯ ಮೇಲೆ ಹುರುಳಿಕಾಳಿನಂಥ ಒಂದು ಆಕಾರ ಬರೆದು, ಅದಕ್ಕೆ ಎರಡು ಬಾಲ ಎಳೆದು, ‘ಇದು ಈಜುವ ಬೀಜಾಣು, ಪರೀಕ್ಷೆಗೆ ಬರುತ್ತದೆ’ ಎನ್ನುತ್ತಿದ್ದೆ. ಆದರೆ ಅದು ಈಜುವುದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಇದ್ದದ್ದು ಗಾಜಿನ ಪಟ್ಟಿಗೆ ಅಂಟಿಸಿದ, ಎಂದೋ ಸತ್ತ, ಬಣ್ಣ ಹಾಕಿದ ಒಂದು ಮಾದರಿ.

ಅಲ್ಲಿನ ಸಂಶೋಧಕಿ ಮಾಡಿದ್ದು ಬಹಳ ಸರಳ. ಸತ್ತ ತೋಟದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ಮೆಣಸಿನ ಹಸಿ ಎಲೆಯ ತುಂಡುಗಳನ್ನು ತೇಲಲು ಬಿಟ್ಟಿದ್ದಳು. ಗಾಳಕ್ಕೆ ಎರೆಹುಳ ಚುಚ್ಚಿದ ಹಾಗೆ. ಎಲೆಯ ಅಂಚಿನಲ್ಲಿ ಕಪ್ಪು ಕಲೆ ಎದ್ದಿತ್ತು. ಆ ಕಪ್ಪು ಅಂಚನ್ನು ಕತ್ತರಿಸಿ, ಫ್ರಿಜ್ಜಿನಿಂದ ತೆಗೆದ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಸೂಕ್ಷ್ಮದರ್ಶಕದ ಕೆಳಗೆ ಜಾರಿಸಿ ನನ್ನನ್ನು ಕರೆದಳು.

ನಿಂಬೆಹಣ್ಣಿನ ಆಕಾರದ ಪುಟ್ಟ ಚೀಲಗಳು. ಒಳಗೆ ಏನೋ ಮಿಸುಕಾಡುತ್ತಿತ್ತು. ನೋಡುತ್ತಿದ್ದ ಹಾಗೆ ಒಂದು ಚೀಲದ ತುದಿ ಬಿಚ್ಚಿ, ಒಳಗಿದ್ದವೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ನುಗ್ಗಿ ಹೊರಬಂದವು. ಬಾಗಿಲಲ್ಲಿ ಕ್ಷಣ ತಡೆದು, ಆಮೇಲೆ ಒಂದೊಂದು ಒಂದೊಂದು ದಿಕ್ಕಿಗೆ. ಎದುರಿನ ಬಾಲ ಎಳೆಯುತ್ತದೆ, ಹಿಂದಿನ ಬಾಲ ಚುಕ್ಕಾಣಿ ಹಿಡಿಯುತ್ತದೆ. ಸುರುಳಿ ಸುರುಳಿಯಾಗಿ ಈಜಿ, ಏನಾದರೂ ತಾಗಿದರೆ ತಟ್ಟನೆ ತಿರುಗಿ, ಪುನಃ ಈಜು. ಅವಕ್ಕೆ ಮೈಗೆ ಗೋಡೆಯೂ ಇಲ್ಲ, ತಿನ್ನಲು ಬಾಯಿಯೂ ಇಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವುದರೊಳಗೆ ಒಂದು ಬೇರು ಸಿಗಬೇಕು. ನಾನು ಕಣ್ಣು ತೆಗೆಯಲಿಲ್ಲ. ಎಷ್ಟು ಚಂದವಿತ್ತೆಂದರೆ ನನಗೆ ನಾಚಿಕೆಯಾಯಿತು.

ಆಮೇಲೆ ಅವಳು ಮೆಣಸಿನ ಎಳೆ ಬೇರಿನ ಕೂದಲಿನಷ್ಟು ಸಪೂರದ ತುಂಡನ್ನು ಆ ಹನಿಯೊಳಗೆ ಇಟ್ಟಳು. ದಿಕ್ಕು ದಿಕ್ಕಿಗೆ ಹೋಗುತ್ತಿದ್ದವುಗಳ ಪೈಕಿ ಹತ್ತಿರದವು ತಿರುಗಿದವು. ಬೇರು ನೀರಿಗೆ ಬಿಡುವ ಸವಿಯನ್ನು ಅವು ಹಿಡಿಯುತ್ತವೆ. ಒಂದೊಂದಾಗಿ ಬಂದು ಬೇರಿನ ಎಳಸು ಜಾಗಕ್ಕೆ ಮುತ್ತಿದವು. ಬಂದದ್ದು ಬಾಲ ಕಳಚಿತು, ದುಂಡಗಾಯಿತು, ಮೈ ಸುತ್ತ ಗೋಡೆ ಕಟ್ಟಿಕೊಂಡಿತು. ಇನ್ನು ಅದು ಈಜುವುದಿಲ್ಲ, ಒಳಗೆ ಇಳಿಯುತ್ತದೆ. ಮನೆಗೆ ಬಂದ ನೆಂಟ ಚೀಲ ಮೊಳೆಗೆ ಸಿಕ್ಕಿಸಿ ಅಂಗಿ ಕಳಚಿದರೆ ಇನ್ನು ಹೊರಡುವವನಲ್ಲ ಎಂದು ಗೊತ್ತಾಗುತ್ತದಲ್ಲ, ಹಾಗೆ.

ಕುಶಾಲಪ್ಪಣ್ಣ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

‘ಇದಾ?’

‘ಇದೇ.’

‘ನನ್ನ ಗುಡ್ಡೆಯ ಬಳ್ಳಿ ಇಡೀ ತಿಂದದ್ದು ಇದಾ? ಇದಕ್ಕೆ ಬಾಯಿ ಎಲ್ಲಿ ಉಂಟು?’

‘ಬಾಯಿ ಇಲ್ಲ ಕುಶಾಲಪ್ಪಣ್ಣ. ಬೇರಿನೊಳಗೆ ಹೋಗಿ ದಾರದ ಹಾಗೆ ಬೆಳೆಯುತ್ತದೆ, ಬೆಳೆದು ಹೀರುತ್ತದೆ. ಎಲ್ಲರೂ ಶಿಲೀಂಧ್ರ ಅಂತಾರೆ, ಶಿಲೀಂಧ್ರವೂ ಅಲ್ಲ. ಕಡಲಿನ ಪಾಚಿಗೆ ನೆಂಟ. ನೀರಿಲ್ಲದೆ ಇದಕ್ಕೆ ನಡಿಗೆ ಇಲ್ಲ.’

‘ನೀರು ಅಂತ ಹೇಳಿದ್ರೆ ಎಷ್ಟು ಬೇಕು?’

‘ಮಣ್ಣಿನ ಕಣಕ್ಕೂ ಕಣಕ್ಕೂ ನಡುವೆ ಒದ್ದೆ ಇದ್ದರೆ ಸಾಕು. ಕೆಸರಿನಲ್ಲಿ ಕೂತು ಕಾಲಿಗೆ ಅಂಟಿಕೊಂಡು ಬರುತ್ತದೆ. ಕಾಲು ಒಣಗಿದರೂ ಕೆಸರಿನೊಳಗಿನ ಗಟ್ಟಿ ಬೀಜಾಣು ಸಾಯುವುದಿಲ್ಲ. ಪುನಃ ನೀರು ಸಿಕ್ಕಿದರೆ ಚೀಲ ಕಟ್ಟುತ್ತದೆ, ಈಜುತ್ತದೆ.’

ಅವರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ‘ಆಟಿಯಲ್ಲಿ ನಾನು ದಿನಾ ಹೋಗಿ ನೋಡ್ತಿದ್ದೆ ಟೀಚರೆ. ಯಾವ ಬಳ್ಳಿ ಸತ್ತಿತು, ಯಾವುದು ಉಳಿಯಿತು ಅಂತ. ಸತ್ತದ್ದರಿಂದ ಉಳಿದದ್ದಕ್ಕೆ, ಸತ್ತದ್ದರಿಂದ ಉಳಿದದ್ದಕ್ಕೆ. ಹಾಗಾದ್ರೆ ನಾನೇ ಅದನ್ನು ಹೊತ್ತುಕೊಂಡು ತಿರುಗಿದ್ದಾ?’

ಮಳೆನೀರೇ ಸಾಕಿತ್ತು, ಗುಡ್ಡೆಯ ಇಳಿಜಾರೇ ಸಾಕಿತ್ತು ಎಂದೆ. ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಕುಶಾಲಪ್ಪಣ್ಣ ಮೀನು ಮುಟ್ಟಲಿಲ್ಲ.

ಕಂಬಗಳ ಊರು

ಪ್ಲೇಕುವಿನಿಂದ ದಕ್ಷಿಣಕ್ಕೆ ಹೋದರೆ ಕೆಂಪು ಮಣ್ಣಿನ ನಾಡು. ಒಂದು ಕಾಲದಲ್ಲಿ ಅಲ್ಲಿ ಕಣ್ಣು ಹಾಯಿಸಿದಷ್ಟೂ ಮೆಣಸು. ಈಗ ಕಣ್ಣು ಹಾಯಿಸಿದಷ್ಟೂ ಕಂಬ. ಮರದ ಕಂಬ, ಕಾಂಕ್ರೀಟಿನ ಕಂಬ, ಇಟ್ಟಿಗೆಯಲ್ಲಿ ಕಟ್ಟಿದ ದುಂಡನೆಯ ಕಂಬ, ಸಾಲು ತಪ್ಪದೆ ನಿಂತಿವೆ. ಕೆಲವಕ್ಕೆ ಒಣಗಿದ ಬಳ್ಳಿ ಇನ್ನೂ ಕಪ್ಪು ಹಗ್ಗದ ಹಾಗೆ ನೇತುಕೊಂಡಿದೆ. ನಡುವೆ ಎದೆಯೆತ್ತರ ಹುಲ್ಲು. ಮೊದಲ ನೋಟಕ್ಕೆ ಅದೊಂದು ದೊಡ್ಡ ರುದ್ರಭೂಮಿ ಎಂದು ನನಗೆ ಅನಿಸಿತು, ಎರಡನೆಯ ನೋಟಕ್ಕೂ ಹಾಗೆಯೇ ಅನಿಸಿತು.

ಈ ರೋಗಕ್ಕೆ ಅವರ ಭಾಷೆಯಲ್ಲಿ ‘ಬೇಗ ಸಾವು’ ಎನ್ನುತ್ತಾರೆ. ‘ನಿಧಾನ ಸಾವು’ ಎಂದು ಇನ್ನೊಂದಿದೆಯಂತೆ, ಅದು ಬೇರೆ ರೋಗ. ನಮ್ಮಲ್ಲಿ ಕಾಯಿಲೆಗೆ ಹೆಸರಿಡುವಾಗ ಸ್ವಲ್ಪವಾದರೂ ಮರ್ಯಾದೆಯ ಮಾತು ಹುಡುಕುತ್ತೇವೆ. ಸಿಡುಬಿಗೂ ಅಮ್ಮ ಎನ್ನುತ್ತೇವೆ. ಇವರಿಗೆ ಆ ನಾಚಿಕೆ ಇಲ್ಲ.

ಮರುದಿನ ಬೆಳಿಗ್ಗೆ ನಾವು ವ್ಯಾನಿನಿಂದ ಇಳಿದ ತೋಟದ ಮನೆಗೆ ಬೀಗ. ಅಂಗಳದಲ್ಲಿ ಮಗುವಿನ ಮೂರು ಚಕ್ರದ ಸೈಕಲ್ಲು ಮಗುಚಿ ಬಿದ್ದಿತ್ತು. ಕಳೆದ ಮಳೆಗಾಲದಲ್ಲಿ ತೋಟ ಹೋಯಿತು, ಇಡೀ ಸಂಸಾರ ನಗರಕ್ಕೆ ಕೆಲಸ ಹುಡುಕಿಕೊಂಡು ಹೋಯಿತು ಎಂದಳು ಲಿನ್. ಕೇಶವಣ್ಣ ಪಟ ತೆಗೆಯಲು ಮೊಬೈಲು ಎತ್ತಿದವರು, ಎಂತಕ್ಕೋ ಕಿಸೆಗೆ ಹಾಕಿಕೊಂಡರು.

ಕುಶಾಲಪ್ಪಣ್ಣ ಮಾತ್ರ ತೋಟದೊಳಗೆ ಹೋದರು. ಹುಲ್ಲು ಸರಿಸಿ ಒಂದು ಕಂಬದ ಬುಡದಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿದರು. ಕೊಳೆತ ಬೇರಿನ ಒಂದು ತುಂಡು ಮೂಸಿ ನೋಡಿ, ‘ಅದೇ ವಾಸನೆ’ ಎಂದರು. ಏಳುವಾಗ ಒಂದು ಕಾಲಿನ ಚಪ್ಪಲಿ ಕೆಸರಿನಲ್ಲಿ ಹೂತು ಬಾರು ಕಿತ್ತು ಬಂತು. ‘ಹೋಗಲಿ ಮಾರಾಯ್ರೆ, ತೋಟಕ್ಕೆ ಚಪ್ಪಲಿ ಹಾಕಿ ಹೋಗಿ ನನಗೆ ಅಭ್ಯಾಸವೂ ಇಲ್ಲ’ ಎಂದು ಎರಡನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ವ್ಯಾನಿಗೆ ಬಂದರು. ಕಾಲು ತೊಳೆಯಲು ನೀರಿರಲಿಲ್ಲ. ಹಳೆಯ ಪೇಪರಿನಲ್ಲಿ ಒರೆಸಿಕೊಂಡರು. ಒರೆಸಿದಷ್ಟೂ ಒರೆಸಿ ಉಳಿದದ್ದು, ಕಣಕಾಲಿನ ತನಕ ಮದರಂಗಿ ಹಚ್ಚಿದ ಹಾಗೆ ಕೆಂಪಗೆ ಒಣಗಿತು.

ಹಾನ್‌ಳ ಮನೆ

ಮಧ್ಯಾಹ್ನದ ಮೇಲೆ ಹೋದದ್ದು ಲಿನ್‌ಳ ಹಳ್ಳಿಗೆ. ಹಾದಿ ಕಿರಿದಾದ್ದರಿಂದ ಉಳಿದವರನ್ನು ಕಾಫಿ ತೋಟಕ್ಕೆ ಕಳಿಸಿ, ನಾನು, ಕುಶಾಲಪ್ಪಣ್ಣ, ಕೇಶವಣ್ಣ ಮತ್ತು ಲಿನ್ ಮಾತ್ರ ನಡೆದು ಹೋದೆವು. ದಾರಿ ಪೂರ್ತಿ ಲಿನ್ ಒಬ್ಬ ಹೆಂಗಸಿನ ಕತೆ ಹೇಳಿದಳು. ಹೆಸರು ಹಾನ್. ಸುತ್ತ ಎಲ್ಲರ ತೋಟ ಸತ್ತಾಗ ಇವಳದ್ದೂ ಸತ್ತಿತು, ಆದರೆ ಮನೆಯ ಪಕ್ಕದ ಒಂದು ಸಾಲು ಉಳಿಯಿತು. ಆ ಸಾಲನ್ನು ಅವಳು ಕಾದದ್ದು ಹೇಗೆಂದರೆ, ಕೆದಕುತ್ತವೆಂದು ಕೋಳಿಗಳನ್ನು ಕೊಟ್ಟುಬಿಟ್ಟಳು. ನಾಯಿಯನ್ನು ಕಟ್ಟಿದಳು. ಮಳೆ ಬರುವಾಗ ಸ್ವಂತ ಅತ್ತೆಯನ್ನೂ ಆ ಕಡೆಗೆ ಬಿಡಲಿಲ್ಲ. ಗಂಡ ಹೋ ಚಿ ಮಿನ್ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಟೆಟ್ ಎಂಬ ಹೊಸವರ್ಷದ ಹಬ್ಬಕ್ಕೆ ಮಾತ್ರ ಬರುತ್ತಾನೆ. ಮುಂದಿನ ತಿಂಗಳು ಉಳಿದ ಸಾಲಿನಿಂದ ಬಳ್ಳಿ ಕತ್ತರಿಸಿ ಖಾಲಿ ಕಂಬಗಳಿಗೆಲ್ಲ ನೆಡುವುದು, ನೆಡಲಿಕ್ಕೆ ಗಂಡ ಬರುವುದು, ಬಂದವನು ಮತ್ತೆ ಹೋಗದಿರುವುದು ಎಂದು ಮಾತಾಗಿದೆ.

‘ನಾನು ಈ ಊರಿನವಳಾದ್ದರಿಂದ ನಿಮ್ಮನ್ನು ಒಳಗೆ ಬಿಡುತ್ತಾಳೆ’ ಎಂದಳು ಲಿನ್.

ತೋಟದ ಬಾಗಿಲಿನ ದಣಪೆಯಲ್ಲೇ ಒಂದು ಚಪ್ಪಟೆ ಡಬ್ಬದಲ್ಲಿ ಸುಣ್ಣದ ಹುಡಿ. ಪಕ್ಕದಲ್ಲಿ ಸಾಲಾಗಿ ರಬ್ಬರ್ ಬೂಟು. ಹಾನ್ ನಡುವಯಸ್ಸಿನ ಸಪೂರದ ಹೆಂಗಸು, ಕೈಯಲ್ಲಿ ಮಣ್ಣೆಳೆಯುವ ಹಾರೆ. ನಾವು ಬೂಟು ಹಾಕಿ ಸುಣ್ಣ ತುಳಿಯುವ ತನಕ ಅವಳು ನಗಲಿಲ್ಲ, ತುಳಿದ ಮೇಲೆ ನಕ್ಕಳು. ನನಗೆ ಅವಳು ತಕ್ಷಣ ಇಷ್ಟವಾದಳು. ಕುಶಾಲಪ್ಪಣ್ಣನ ಕಾಲಿಗೆ ಅಲ್ಲಿನ ಯಾವ ಬೂಟೂ ಹಿಡಿಸಲಿಲ್ಲ. ಎಲ್ಲಕ್ಕಿಂತ ದೊಡ್ಡದರೊಳಗೆ ಹೇಗೋ ಕಾಲು ತುರುಕಿದರು. ಬೂಟು ಹಾಕಿಯಾಯಿತು, ಸುಣ್ಣ ತುಳಿದಾಯಿತು ಎಂದು ನಾನೂ ನಿಶ್ಚಿಂತಳಾದೆ. ಬೂಟಿನೊಳಗೆ ಏನಿದೆ ಎಂದು ನಾವು ಯಾರೂ ಯೋಚಿಸಲಿಲ್ಲ.

ಸಾಲು ನೋಡಿ ಕುಶಾಲಪ್ಪಣ್ಣ ನಿಂತೇಬಿಟ್ಟರು. ಕಡು ಹಸಿರು, ಎಲೆ ಎಲೆಗೂ ಕೈಬೆರಳಿನಷ್ಟುದ್ದದ ಎಳೆ ಗೊನೆ. ಬುಡದಿಂದ ಹೊರಟ ಹಬ್ಬು ಬಳ್ಳಿಗಳನ್ನು ನೆಲಕ್ಕೆ ತಾಗದಂತೆ ಸುರುಳಿ ಸುತ್ತಿ ಗೂಟಕ್ಕೆ ಕಟ್ಟಿದ್ದಳು. ಅವೇ ಮುಂದಿನ ತಿಂಗಳ ಸಸಿಗಳು. ‘ನಾವು ಸಹ ಹೀಗೆಯೇ ಕಟ್ಟುದು ತಂಗಿ, ಇದೇ ಕ್ರಮ’ ಎಂದು ಅವರು ಕನ್ನಡದಲ್ಲೇ ಹೇಳಿದರು. ಹಾನ್ ತಲೆಯಾಡಿಸಿದಳು. ಅವರಿಬ್ಬರೂ ಒಂದು ಸುರುಳಿಯ ಗಂಟು ಮುಟ್ಟಿ ಮುಟ್ಟಿ ಏನೋ ಮಾತಾಡಿದರು, ಇವರು ಇವರ ಭಾಷೆಯಲ್ಲಿ, ಅವಳು ಅವಳ ಭಾಷೆಯಲ್ಲಿ. ಲಿನ್‌ಗೆ ಕೆಲಸವೇ ಇರಲಿಲ್ಲ. ಮಂಡೆಕೋಲು ಬಿಟ್ಟ ಮೇಲೆ ಅವರ ಮುಖದಲ್ಲಿ ಅಷ್ಟು ಗೆಲುವು ನಾನು ಕಂಡದ್ದು ಅದೇ ಮೊದಲು.

ಸಾಲಿನ ಮೇಲಿನ ತುದಿ ಮನೆಯ ಮೆಟ್ಟಿಲಿನ ಹತ್ತಿರ. ಅಲ್ಲಿಂದ ಇಳಿಜಾರಿಗೆ, ಬುಡದಿಂದ ಬುಡಕ್ಕೆ ಒಂದು ಸಣ್ಣ ಕಣಿ ತೋಡಿದ್ದಳು, ಬೇಸಗೆಯಲ್ಲಿ ನೀರುಣಿಸಲಿಕ್ಕೆ. ಹಾನ್ ಚಹಾ ಮಾಡಲು ಒಳಗೆ ಹೋದಳು. ನಾನು ಮತ್ತು ಲಿನ್ ಬೂಟು ಬಿಚ್ಚಿ ಒಳಗೆ ಕಾಲಿಟ್ಟೆವು. ಎದುರಿಗೇ ಹಿರಿಯರ ಪಟಗಳ ಪೀಠ, ಅದರ ಮುಂದೆ ಊದುಬತ್ತಿ, ಹಣ್ಣು. ನೀರು ಬೀಳುವ ಸದ್ದಿಗೆ ನಾನು ತಿರುಗಿ ನೋಡಿದೆ.

ಕುಶಾಲಪ್ಪಣ್ಣ ಬೂಟು ಕಿತ್ತು ಹಾಕಿದ್ದರು. ದೇವರಿರುವ ಮನೆ, ಕೆಸರು ಕಾಲಲ್ಲಿ ಒಳಗೆ ಬರುವುದು ಹೇಗೆ? ಮೆಟ್ಟಿಲ ಬದಿಯಲ್ಲಿ ಪೈಪು ಇತ್ತು. ಅಂಗಳದಲ್ಲಿ ತೊಳೆದರೆ ಅಂಗಳ ಹಾಳು, ನೀರೂ ದಂಡ. ನಮ್ಮಲ್ಲಿ ಕಾಲು ತೊಳೆದ ನೀರನ್ನು ಯಾರು ದಂಡ ಮಾಡುತ್ತಾರೆ? ಬಾಳೆಯ ಬುಡದಲ್ಲಿ ನಿಂತು ತೊಳೆಯುತ್ತೇವೆ, ತೆಂಗಿನ ಬುಡದಲ್ಲಿ ನಿಂತು ತೊಳೆಯುತ್ತೇವೆ. ಹುಟ್ಟಿದಂದಿನಿಂದ ಕಲಿತ ಮರ್ಯಾದೆ ಅದು. ಸಾಲಿನ ಮೊದಲ ಬಳ್ಳಿಯ ಬುಡದಲ್ಲಿ ನಿಂತು, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿ ಉಜ್ಜಿ, ಅವರು ಬೆಳಗಿನ ಕೆಂಪು ಮಣ್ಣನ್ನು ತೊಳೆಯುತ್ತಿದ್ದರು. ನೀರು ಬುಡ ತುಂಬಿ, ಕಣಿಗೆ ಇಳಿದು, ಎರಡನೆಯ ಬಳ್ಳಿಗೆ, ಮೂರನೆಯದಕ್ಕೆ ಹೋಗುತ್ತಿತ್ತು.

‘ಕುಶಾಲಪ್ಪಣ್ಣ’ ಎಂದೆ. ಅಷ್ಟೇ. ಮುಂದೆ ಹೇಳಬೇಕಾಗಿ ಬರಲಿಲ್ಲ. ಅವರು ಕಾಲು ನೋಡಿಕೊಂಡರು, ನೀರು ಹೋಗುವ ದಾರಿ ನೋಡಿದರು. ಪೈಪು ಕೈಯಿಂದ ಜಾರಿತು. ನಾನು ಓಡಿ ಹೋಗಿ ನಳ್ಳಿ ನಿಲ್ಲಿಸಿದೆ.

ಕೇಶವಣ್ಣ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು, ‘ಆದದ್ದು ಆಯ್ತು. ಒಂದು ಚೆಂಬು ನೀರು ಅಲ್ವಾ? ಸುಮ್ಮನೆ ಹೇಳಿ ಆ ಹೆಂಗಸಿನ ಹೊಟ್ಟೆ ಉರಿಸುದು ಎಂತಕ್ಕೆ? ರೋಗ ಬರ್ತದೆ ಅಂತ ಗ್ಯಾರಂಟಿ ಉಂಟಾ ಟೀಚರೆ?’

ಗ್ಯಾರಂಟಿ ಇರಲಿಲ್ಲ. ಆ ಕೆಸರಿನಲ್ಲಿ ಅದು ಇತ್ತೋ ಇಲ್ಲವೋ, ಇದ್ದರೂ ಬದುಕಿತ್ತೋ ಇಲ್ಲವೋ, ಬರಿಗಣ್ಣಿಗೆ ಹೇಳಲು ಯಾರಿಗೂ ಸಾಧ್ಯವಿಲ್ಲ. ಹಾಗೆಂದೇ ಹೇಳಿದೆ.

‘ಮತ್ತೆಂತ?’ ಎಂದರು ಕೇಶವಣ್ಣ. ‘ನಾವು ನಾಳೆ ಹೊರಡುವವರು.’

‘ಅದಕ್ಕೇ ಹೇಳಬೇಕು’ ಎಂದರು ಕುಶಾಲಪ್ಪಣ್ಣ. ‘ನನಗೆ ಯಾರಾದ್ರೂ ಹೇಳಿದ್ರೆ ನಾನು ಮೇಲಿನ ನಾಲ್ಕು ಬಳ್ಳಿ ಕಡಿದು ಗುಡ್ಡೆ ಉಳಿಸಿಕೊಳ್ತಿದ್ದೆ ಕೇಶವಣ್ಣ. ನನಗೆ ಹೇಳುವವರು ಇರ್ಲಿಲ್ಲ. ಲಿನ್, ಬಾ ಮಗಾ. ನಾನು ಹೇಳುದನ್ನು ಹಾಗೆಯೇ ಹೇಳು.’

ಬೆಳಗಿನ ಸತ್ತ ತೋಟದ ಕೆಸರು, ಅದನ್ನು ಬಳ್ಳಿಯ ಬುಡದಲ್ಲಿ ತೊಳೆದದ್ದು, ಅವರು ಹೇಳಿದ್ದೆಲ್ಲವನ್ನೂ ನಾನು ಇಂಗ್ಲಿಷಿಗೆ ತಿರುಗಿಸಿದೆ. ‘ಅತಿಥಿಯ ತಪ್ಪನ್ನು ನಾನು ಹೇಗೆ ಹೇಳಲಿ’ ಎಂದಳು ಲಿನ್. ಅವಳ ಕಣ್ಣು ತುಂಬಿತ್ತು. ಕುಶಾಲಪ್ಪಣ್ಣ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಒಳಗೆ ಹೋದಳು.

ಹಾನ್ ಹೊರಗೆ ಬಂದಾಗ ಕೈಯಲ್ಲಿ ಚಹಾದ ಪಾತ್ರೆ ಹಾಗೆಯೇ ಇತ್ತು. ಒದ್ದೆ ಬುಡ ನೋಡಿದಳು. ಒಂದೇ ಪ್ರಶ್ನೆ ಕೇಳಿದಳು: ಬೆಳಿಗ್ಗೆ ಯಾವ ತೋಟಕ್ಕೆ ಹೋಗಿದ್ದರು? ಲಿನ್ ಹೇಳಿದಳು. ಹಾನ್ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹಾರೆ ತೆಗೆದುಕೊಂಡಳು.

ಮೊದಲು ಮಾಡಿದ್ದು ಕಣಿಗೆ ಅಡ್ಡ ಮಣ್ಣು ಹಾಕಿ ನೀರು ನಿಲ್ಲಿಸಿದ್ದು. ಆಮೇಲೆ ಸುಣ್ಣ ಸುರಿದಳು. ಆಮೇಲೆ ಕತ್ತಿ ತಂದಳು. ನಾನು ಲಿನ್ ಮೂಲಕ ಹೇಳಿದೆ, ಮೈಲುತುತ್ತು ಸುಣ್ಣದ ದ್ರಾವಣ ಹೊಯ್ಯಬಹುದು, ಸ್ವಲ್ಪ ದಿನ ಕಾದು ನೋಡಬಹುದು, ಏನೂ ಆಗದೆಯೂ ಇರಬಹುದು. ಅವಳು ತಿರುಗದೆಯೇ ಉತ್ತರ ಕೊಟ್ಟಳು.

‘ಕಾದು ನೋಡಿದವರ ಕಂಬಗಳನ್ನು ನೀವು ಬೆಳಿಗ್ಗೆ ನೋಡಿದಿರಿ’ ಎಂದಳು ಎಂದು ಲಿನ್ ಹೇಳಿದಳು.

ಮೊದಲ ಬಳ್ಳಿಯನ್ನು ಬುಡದಲ್ಲಿ ಕಡಿದು, ಕಂಬದಿಂದ ಎಳೆದಳು. ಅದು ಬಿಡಲಿಲ್ಲ. ಮೆಣಸಿನ ಬಳ್ಳಿಯ ಗಂಟು ಗಂಟಿಗೂ ಬೇರು, ಕಂಬವನ್ನು ಅಪ್ಪಿಕೊಂಡಿರುತ್ತದೆ. ಪರಚಿ ಪರಚಿ ತೆಗೆಯಬೇಕಾಯಿತು. ಎಳೆ ಗೊನೆಗಳು ನೆಲಕ್ಕೆ ಉದುರಿದವು. ಕುಶಾಲಪ್ಪಣ್ಣ ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟರು. ಅವಳು ಕತ್ತಿ ಹಿಡಿದ ಕೈಯಿಂದಲೇ ಮೆಟ್ಟಿಲನ್ನು ತೋರಿಸಿದಳು. ಅವರು ಹಿಂದೆ ಸರಿದು, ತಪ್ಪು ಮಾಡಿದ ಮಕ್ಕಳನ್ನು ನಿಲ್ಲಿಸಿದ ಹಾಗೆ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತರು. ಎರಡನೆಯದು, ಮೂರನೆಯದು, ನೀರು ಹೋದಲ್ಲಿಂದ ಇನ್ನೂ ಎರಡು ಮುಂದಕ್ಕೆ. ಬೇರುಗಳನ್ನು ಅಗೆದು, ಎಲ್ಲವನ್ನೂ ಹಳೆಯ ಗೋಣಿಯ ಮೇಲೆ ಹಾಕಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಳು. ಹಸಿ ಮೆಣಸಿನ ಹೊಗೆ ಮೂಗಿಗೆ ಅಡರಿ ಎಲ್ಲರೂ ಕೆಮ್ಮಿದೆವು. ಕಣ್ಣಲ್ಲಿ ನೀರು ಬಂದರೆ ಹೊಗೆಗೆ ಬಂತು ಎನ್ನಲು ಅನುಕೂಲವಾಯಿತು.

‘ಉಳಿದ ಸಾಲು ಉಂಟಲ್ಲ’ ಎಂದರು ಕೇಶವಣ್ಣ, ಯಾರಿಗೆಂದಿಲ್ಲದೆ. ‘ಅದರಿಂದ ಬಳ್ಳಿ ತೆಗೆದು ನೆಡಬಹುದಲ್ಲ?’

ನೆಡಲಾಗದು ಎಂದು ನನಗೆ ಗೊತ್ತಿತ್ತು, ಹಾನ್‌ಗೂ ಗೊತ್ತಿತ್ತು. ಉಳಿದ ಬಳ್ಳಿಗಳ ಬೇರಿನೊಳಗೆ ಏನಾದರೂ ಇಳಿದಿದೆಯೇ ಎಂದು ಈ ಮಳೆಗಾಲ ಕಳೆಯದೆ ತಿಳಿಯುವುದಿಲ್ಲ. ಸಂಶಯದ ಬಳ್ಳಿಯನ್ನು ಕತ್ತರಿಸಿ ಖಾಲಿ ಕಂಬಗಳಿಗೆಲ್ಲ ನೆಟ್ಟರೆ, ರೋಗವನ್ನು ತಾನೇ ಕೈಯಾರೆ ತೋಟದ ತುಂಬ ಹಂಚಿದ ಹಾಗೆ. ಅವಳು ಗೂಟಗಳ ಹತ್ತಿರ ಹೋಗಿ ಆ ಸುರುಳಿ ಸುತ್ತಿದ ಹಬ್ಬು ಬಳ್ಳಿಗಳನ್ನು ಒಂದೊಂದಾಗಿ ಕತ್ತರಿಸಿ ಬೆಂಕಿಗೆ ಹಾಕಿದಳು.

ಕೈಕಾಲು ತೊಳೆದು, ನಮ್ಮನ್ನೂ ಕರೆದುಕೊಂಡು ಒಳಗೆ ಬಂದಳು. ಚಹಾ ತಣ್ಣಗಾಗಿತ್ತು. ಪುನಃ ನೀರು ಕಾಯಿಸಿ ಸಣ್ಣ ಸಣ್ಣ ಕಪ್ಪಿಗೆ ಹೊಯ್ದು, ಮೊದಲ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಶಾಲಪ್ಪಣ್ಣನ ಮುಂದಿಟ್ಟಳು. ‘ಬಾಕ್’ ಎಂದಳು. ಹಿರಿಯರು ಕುಡಿಯದೆ ಉಳಿದವರು ಕುಡಿಯುವಂತಿಲ್ಲ. ಕುಶಾಲಪ್ಪಣ್ಣ ತಾವೂ ಎರಡೂ ಕೈಯಲ್ಲಿ ಕಪ್ಪು ಎತ್ತಿದರು. ಪೂರ್ತಿ ಕುಡಿದರು.

‘ತಪ್ಪಾಯ್ತು ತಂಗಿ’ ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹಾನ್ ಬಾಗಿಲ ಹತ್ತಿರ ಕೂತು ಗಂಡನಿಗೆ ಫೋನು ಮಾಡಿದಳು. ಆ ಕಡೆಯಿಂದ ಕಟ್ಟಡದ ಕೆಲಸದ ಸದ್ದು ಕೇಳುತ್ತಿತ್ತು, ಯಾರೋ ಕಬ್ಬಿಣ ಬಡಿಯುತ್ತಿದ್ದರು. ಅವಳು ಹೆಚ್ಚು ಮಾತಾಡಲಿಲ್ಲ. ಆ ಕಡೆಯವನೂ ಹೆಚ್ಚು ಕೇಳಲಿಲ್ಲ. ಫೋನು ಕೆಳಗಿಟ್ಟು ಅವಳು ಕತ್ತಿ ತೊಳೆಯಲು ಎದ್ದು ಹೋದಳು.

ಕುಶಾಲಪ್ಪಣ್ಣ ನನ್ನ ಕಡೆಗೆ ಬಗ್ಗಿದರು. ‘ಎಂತ ಹೇಳಿದ್ದು ಕೇಳಿ ಟೀಚರೆ.’

ನಾನು ಕೇಳಿದೆ. ಲಿನ್ ಕಪ್ಪಿನೊಳಗೆ ನೋಡುತ್ತಾ ಹೇಳಿದಳು, ‘ಮುಂದಿನ ತಿಂಗಳು ಬರುವುದು ಬೇಡ, ಈ ವರ್ಷ ನೆಡಲು ಬಳ್ಳಿ ಇಲ್ಲ, ಕೆಲಸ ಬಿಡಬೇಡಿ ಎಂದಳು.’

ಅದನ್ನು ಕನ್ನಡದಲ್ಲಿ ಹೇಳಿದೆ. ಕುಶಾಲಪ್ಪಣ್ಣ ಕೇಳಿದರು, ‘ನನ್ನ ವಿಷಯ ಹೇಳಿದಳಾ?’ ಅದನ್ನೂ ಲಿನ್‌ಗೆ ಕೇಳಿದೆ.

‘ಇಲ್ಲ’ ಎಂದಳು ಲಿನ್. ‘ಮಳೆಗೆ ರೋಗ ಬಂತು ಎಂದಳು.’